ಮೊದಲ ಫೋನ್ ಯಾರಿಗೆ

ಕಾಕು ತೀರಿಕೊಂಡ ಬೆಳಿಗ್ಗೆ ಕಾಕಾ ಮೊದಲ ಫೋನನ್ನು ಮಗಳಿಗೆ ಮಾಡಲಿಲ್ಲ. ಎರಡನೆಯದನ್ನೂ ಮಾಡಲಿಲ್ಲ. ಮಗಳಿಗೆ ಹೋದದ್ದು ಮೂರನೆಯದು. ಹದಿಮೂರನೆಯ ದಿನದ ಊಟದ ಹೊತ್ತಿಗೆ ಇದು ನೆಂಟರಲ್ಲೆಲ್ಲ ಹರಡಿತ್ತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಸಂಬಂಧಿಯೊಬ್ಬರು, "ಹೆತ್ತ ಮಗಳು ಸೊಲ್ಲಾಪುರದಾಗ ಅದಾಳ. ಮೊದಲ ಆಕಿಗೆ ತಿಳಸಬೇಕೋ ಬ್ಯಾಡೋ? ಮನಶ್ಯಾಗ ಕಣ್ಣು ಹೋದ್ರ ಹೋಗಲಿ, ಬುದ್ಧಿ ಹೋಗಬಾರದು" ಅಂದರು. ಕಾಕಾ ಒಳಗಿನ ಕೋಣೆಯಲ್ಲೇ ಕೂತಿದ್ದರು. ಕಣ್ಣು ಕಾಣದವರ ಎದುರು ಮಂದಿ, ಅವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂಬಂತೆ ಮಾತಾಡುತ್ತಾರೆ.

ನಾನು ಉತ್ತರ ಕೊಡಬಹುದಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಿಂತು ನಿಂತು, ಎದುರಿನವರ ಮಾತಿನಲ್ಲಿ ತೂತು ಕಂಡರೆ ಬೆರಳು ತೂರಿಸದೆ ಇರಲಾರದ ಚಾಳಿ ನನಗೆ ಅಂಟಿದೆ. ಆದರೆ ಇದರ ಉತ್ತರ ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸುವಂಥದಲ್ಲ. ಅದಕ್ಕೆ ಮೊದಲು ಸಿನಿಮಾಗಳ ವಿಷಯ ಹೇಳಬೇಕು. ಅದಕ್ಕೂ ಮೊದಲು ಟೆಲಿಫೋನಿನ ವಿಷಯ.

ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ, ತೆಲುಗರ ನಡುವೆ, ಎರಡು ಕನ್ನಡ ಮನೆ. ಒಂದು ನಮ್ಮದು, ಎದುರಿನದು ಅವರದು. ಮೂಲ ರಾಯಚೂರು ಕಡೆಯವರು ಎಂಬ ಒಂದೇ ಆಧಾರದ ಮೇಲೆ ನಾನು ಅವರನ್ನು ಕಾಕು, ಕಾಕಾ, ಅಂದರೆ ಚಿಕ್ಕಮ್ಮ, ಚಿಕ್ಕಪ್ಪ, ಎಂದು ಕರೆಯುತ್ತಿದ್ದೆ. ಕಾಕು ಟೆಲಿಫೋನ್ ಎಕ್ಸ್‌ಚೇಂಜಿಗೆ ಟ್ರಂಕ್ ಕಾಲ್ ಆಪರೇಟರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ ನಿವೃತ್ತರಾದವರು. ವಿನಯ ಅವರ ಹತ್ತಿರ ಸುಳಿದದ್ದಿಲ್ಲ. "ನಾಕು ಭಾಷಾದಾಗ ಮಂದೀನ ಕಾಯಿಸೀನಿ. ಒಬ್ಬರಿಗೂ ಕಾದಂಗ ಅನಿಸಿಲ್ಲ" ಎಂದು ತಾವೇ ತಮ್ಮ ಪ್ರಶಸ್ತಿ ಓದಿಕೊಳ್ಳುತ್ತಿದ್ದರು. ಹಿಂದಿನ ಕಾಲದ ಟ್ರಂಕ್ ಕಾಲಿನಲ್ಲಿ ಮೂರು ನಿಮಿಷಕ್ಕೊಮ್ಮೆ ಆಪರೇಟರ್ ನಡುವೆ ಬಂದು ಎಚ್ಚರಿಸುತ್ತಿದ್ದರಂತೆ. ಆ ರೂಢಿ ಅವರನ್ನು ಬಿಟ್ಟಿರಲಿಲ್ಲ. ನನ್ನ ವಾದ ಉದ್ದವಾದಾಗ ಸೊಪ್ಪು ಸೋಸುತ್ತಲೇ, "ಮೂರು ನಿಮಿಷ ಆತು. ಮುಂದುವರಸ್ತೀರೇನು?" ಅನ್ನುತ್ತಿದ್ದರು. ಸ್ಪರ್ಧೆಯಲ್ಲಿ ಬಾರಿಸುವ ಗಂಟೆಗೆ ನಾನು ಹೆದರಿದ್ದಿಲ್ಲ. ಈ ಒಂದು ಮಾತಿಗೆ ಮಾತ್ರ ಎಳೆ ತಪ್ಪಿಹೋಗುತ್ತಿತ್ತು.

ಕಾಕಾ ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ವಿಭಾಗದ ಫೋರ್‌ಮನ್ ಆಗಿದ್ದವರು. ಕೆಲಸ ಬಿಡುವ ಹೊತ್ತಿಗಾಗಲೇ ಅವರ ಕಣ್ಣು ಅಂಚಿನಿಂದ ಕಪ್ಪಾಗುತ್ತ ಬರುತ್ತಿತ್ತು. ಗ್ಲಾಕೋಮಾ. ಅವರು ಅದನ್ನು ಕಾಚಬಿಂದು ಅನ್ನುತ್ತಿದ್ದರು. ನಾನು ಅವರನ್ನು ಬಲ್ಲ ಹೊತ್ತಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಉಳಿದಿತ್ತು. ಕಣ್ಣಿನ ಆಸ್ಪತ್ರೆಗೆ ಅಲೆಯುತ್ತಿದ್ದ ದಿನಗಳಲ್ಲಿ ಕಾಕು ಡಾಕ್ಟರನ್ನು, ತಮ್ಮದೊಂದು ಕಣ್ಣು ಗಂಡನಿಗೆ ಹಾಕಲು ಬರುತ್ತದೆಯೇ ಎಂದು ಕೇಳಿದ್ದರಂತೆ. ಇದು ಹಿಂದಿನ ನರದ ರೋಗ, ಮುಂದಿನ ಪಾರದರ್ಶಕ ಪೊರೆ ಬದಲಿಸಿ ಪ್ರಯೋಜನವಿಲ್ಲ, ಅದೂ ತೀರಿಕೊಂಡವರದನ್ನೇ ತೆಗೆದುಕೊಳ್ಳುವುದು ಎಂದು ಡಾಕ್ಟರು ವಿವರಿಸಿದರು. "ಇವರಿಗೆ ಆಗದಿದ್ರ ಬ್ಯಾರೆಯವರಿಗರೆ ಆಗ್ತಾವಲ್ಲ, ಬರಕೋರಿ" ಎಂದು ಕಾಕು ಅಲ್ಲೇ ನೇತ್ರದಾನಕ್ಕೆ ತಮ್ಮ ಹೆಸರು ಕೊಟ್ಟು ಬಂದರು. ಇದನ್ನು ಕಾಕಾ ಹೇಳಿದ್ದು, ಹೆಂಡತಿಯ ಅವಸರದ ಸ್ವಭಾವಕ್ಕೆ ಉದಾಹರಣೆಯಾಗಿ.

ಇನ್ನು ಸಿನಿಮಾ. ಇಬ್ಬರಿಗೂ ಅದರ ಹುಚ್ಚು. ಕಣ್ಣು ಹೋದ ಮೇಲೆ ಕಾಕು ಪರದೆಯ ಮೇಲಿನದನ್ನು ಬಾಯಿಂದ ಹೇಳತೊಡಗಿದರು. ಆದರೆ ಪ್ರೇಮಕಥೆಗಳನ್ನು ಕಾಕಾ ಒಲ್ಲೆ ಅಂದರು. "ಅದ್ರಾಗ ಅವರು ಒಬ್ಬರನ್ನೊಬ್ಬರು ನೋಡೋದ ಹೆಚ್ಚು. ನನಗೇನು ಬಂತು?" ಅವರ ಆಕ್ಷೇಪಣೆಯನ್ನು ತಳ್ಳಿಹಾಕುವಂತಿರಲಿಲ್ಲ. ಹೀಗೆ ಭೂಕಂಪ, ಬೆಂಕಿ, ನೆರೆ, ಸುಂಟರಗಾಳಿಗಳ ಸಿನಿಮಾಗಳು ಆ ಮನೆಗೆ ಬಂದವು. ಅವುಗಳಲ್ಲಿ ಸಪ್ಪಳಕ್ಕೆ ಬರ ಇರುವುದಿಲ್ಲ. ಸಿಡಿ ಅಂಗಡಿಯಿಂದ ತರುವುದು ನನ್ನ ಕೆಲಸ, ಭಾನುವಾರ ಮಧ್ಯಾಹ್ನ ನೋಡುವುದು ಮೂವರ ಕೆಲಸ.

ಕಾಕು ಹೇಳುವುದಕ್ಕೆ ಒಂದು ಪದ್ಧತಿ ಇತ್ತು. ಮೊದಲು ಎಡಕ್ಕೇನಿದೆ, ಆಮೇಲೆ ಬಲಕ್ಕೇನಿದೆ, ಕೊನೆಗೆ ನಡು. ನಡುವೆ ಇರುವವರ ಬಟ್ಟೆ, ಕೈ, ಮುಖ, ಅದೇ ಕ್ರಮದಲ್ಲಿ. ಲೋಕ ಮುಳುಗುತ್ತಿದ್ದರೂ ದನಿ ಏರುತ್ತಿರಲಿಲ್ಲ.

"ಎಡಕ್ಕ ಒಂದು ಬಿಲ್ಡಿಂಗ್ ಬಿತ್ತು. ಬಲಕ್ಕಿನದು ಬೀಳಾಕತ್ತೈತಿ, ಇನ್ನೂ ಬಿದ್ದಿಲ್ಲ. ನಡುವ ಹೀರೋ ನಿಂತಾನ."

"ಅಂಗಿ?"

"ನೀಲಿ. ಊರ ಮುರದು ಬಿದ್ದೈತಿ, ಇವನ ಅಂಗಿ ಇಸ್ತ್ರಿ ಮುರದಿಲ್ಲ."

"ಆ ಸಪ್ಪಳ ಸಿಮೆಂಟಿಂದಲ್ಲ ಬಿಡು," ಕಾಕಾ ನಗುತ್ತಿದ್ದರು. "ಯಾರೋ ತಗಡು ಬಡದಾರ."

ನಡುವೆ ಒಲೆಯ ಮೇಲಿನ ಹಾಲು ನೋಡಲು ಏಳಬೇಕಾದರೆ ಕಾಕು ಸಿನಿಮಾ ನಿಲ್ಲಿಸಿ, "ಲೈನಿನಾಗ ಇರ್ರಿ" ಅನ್ನುತ್ತಿದ್ದರು. ಕಾಕಾ ನಿಜಕ್ಕೂ ರಿಸೀವರ್ ಕೈಯಲ್ಲಿ ಹಿಡಿದವರಂತೆ ತಲೆ ವಾಲಿಸಿ, ಅಲುಗದೆ ಕೂರುತ್ತಿದ್ದರು.

ಒಂದು ದೇಶವನ್ನು ತಿಳಿಯಲು ಅದರ ಚರಿತ್ರೆ ಓದಬೇಕಿಲ್ಲ, ಅದರ ಆಪತ್ತಿನ ಸಿನಿಮಾದಲ್ಲಿ ಮೊದಲ ಫೋನ್ ಯಾರಿಗೆ ಹೋಗುತ್ತದೆ ನೋಡಿದರೆ ಸಾಕು ಎಂಬುದು ಕಾಕುವಿನ ಸಿದ್ಧಾಂತವಾಗಿತ್ತು.

"ಅಮೆರಿಕಾದವ ಬಿಟ್ಟ ಹೆಂಡತಿಗೆ ಮಾಡ್ತಾನ. ಹುಡುಗ್ರನ್ನ ಕಾರಿನಾಗ ಹಾಕ್ಕೊಂಡು ಊರು ಬಿಡು ಅಂತಾನ. ಊರು ಒಡೀತಂದ್ರ ಅವರ ಸಂಸಾರ ಕೂಡತೈತಿ. ಜಪಾನಿನವರದು ಆಫೀಸಿಂದ ಆಫೀಸಿಗೆ, ಅಲ್ಲಿಂದ ಮ್ಯಾಲಿನ ಆಫೀಸಿಗೆ. ಎಲ್ಲಾರೂ ಕೂಡಿ ತಲಿ ಬಗ್ಗಸ್ತಾರ. ಆಮ್ಯಾಲ ಒಬ್ಬ ಮುದುಕ ಎದ್ದು, ನಾ ಹೊಕ್ಕೀನಿ ಅಂತಾನ. ಕೊರಿಯಾದಾಗ ಫೋನ್ ಹೋಗತೈತಿ, ಸರ್ಕಾರದವರು ಎತ್ತೂದಿಲ್ಲ. ಅದಕ್ಕ ಮನಿ ಮಂದೀನ ಹೊರಬೀಳ್ತಾರ."

"ನಮ್ಮದ್ರಾಗ?" ನಾನು ಕೆಣಕಿದೆ.

"ನಮ್ಮದ್ರಾಗ ಯಾರ ಫೋನ್ ಮಾಡ್ತಾರ? ದೇವರ ಮುಂದ ಗಂಟಿ ಬಾರಸ್ತಾರ. ನೀರು ಬಂದು ಸಾವುಕಾರನ್ನ ಒಯ್ದು, ಬಡವನ ತೊಟ್ಟಿಲಾ ದಂಡಿಗೆ ಬಿಟ್ಟು ಹೋಗತೈತಿ. ನಮ್ಮ ನೀರು ಮಂದಿ ನೋಡಿ ಹರೀತೈತಿ."

ಇದು ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಚೆನ್ನಾಗಿರುವ ಮಾತು ನಿಜವಾಗಿಯೂ ಇರಬೇಕೆಂದೇನಿಲ್ಲ. ಸಿನಿಮಾ ಮಾಡುವವನು ದೇಶದ ಸ್ವಭಾವ ತೋರಿಸಲು ಹಣ ಹೂಡುವುದಿಲ್ಲ, ಹೂಡಿದ್ದನ್ನು ತಿರುಗಿ ಪಡೆಯಲು ಹೂಡುತ್ತಾನೆ. ಅದರ ಮೇಲೆ, ನಮ್ಮ ಕೈಗೆ ಬರುವುದು ಆ ದೇಶದ ಸಿನಿಮಾಗಳಲ್ಲ, ಕೂಕಟ್‌ಪಲ್ಲಿಯ ಸಿಡಿ ಅಂಗಡಿಯವನು ಆರಿಸಿದ ಸಿನಿಮಾಗಳು. ಅವನಿಗೆ ಮುಖಪುಟದಲ್ಲಿ ಬೆಂಕಿ ಇದ್ದರೆ ಸಾಕು. "ಮೂರು ಸಿನಿಮಾ ನೋಡಿ ಒಂದು ದೇಶದ ಜಾತಕ ಬರದ್ರ ಹೆಂಗ ಕಾಕು? ಅಮೆರಿಕಾದಾಗ ಹೆಂಡ್ತಿ ಬಿಡದವರಿಗೆ ಭೂಕಂಪ ಆಗೂದಿಲ್ಲೇನು?"

ಕಾಕಾ ತೊಡೆ ತಟ್ಟಿ ನಕ್ಕರು. ಕಾಕು ನಗಲಿಲ್ಲ.

"ಟಿಕೀಟ್ ತಗೊಳ್ಳೋರು ಯಾರು? ಅಲ್ಲಿ ಮಂದೀನ ಅಲ್ಲೇನು? ಮಂದಿ ಹೆಂಗ ಅದಾರ ಅಂತ ಸಿನಿಮಾ ತೋರಸ್ತೈತಿ ಅಂತ ನಾ ಯಾವಾಗ ಅಂದೆ? ತಾವು ಹೆಂಗ ಇದ್ರ ಚಲೋ ಅಂತ ಅನಕೊಂಡಾರಲ್ಲ, ಅದನ್ನ ತೋರಸ್ತೈತಿ. ಹೆಂಡ್ತಿ ಬಿಟ್ಟವಗ, ಬಿಡಬಾರದಿತ್ತು ಅನಸಿರತೈತಿ. ಫೋನ್ ಎತ್ತದ ಸರ್ಕಾರ ಇದ್ದವರಿಗೆ, ಮನಿಯವರಾದ್ರೂ ಹುಡುಕಲಿ ಅನಸಿರತೈತಿ."

ಇದು ಬೇರೆ ವಾದ. ಮೊದಲಿನದಕ್ಕಿಂತ ಗಟ್ಟಿ. ನಡವಳಿಕೆಗೂ ಬಯಕೆಗೂ ನಡುವಿನ ಈ ಗೆರೆಯನ್ನು ನಾನೇ ಮೊದಲು ಎಳೆಯಬೇಕಿತ್ತು. ಹಾಗೆಂದು ಸೋತೆನೆಂದಲ್ಲ. ಬಯಕೆ ಇಡೀ ದೇಶದ್ದೋ, ಥಿಯೇಟರಿಗೆ ಬರುವಷ್ಟು ಬಿಡುವಿದ್ದವರದ್ದೋ ಎಂದು ಮುಂದಿನ ಭಾನುವಾರ ಎತ್ತಿದೆ. ಕಾಕು "ಮೂರು ನಿಮಿಷ ಆತು" ಅಂದರು.

ಅಂಥದೇ ಒಂದು ಭಾನುವಾರ ಕಾಕಾ ಕೇಳಿದರು. ತಮಾಷೆಯ ದನಿಯಲ್ಲಿಯೇ ಕೇಳಿದರು. "ಅದಿರಲಿ. ನಾಳೆ ಖರೇನ ಏನರೆ ಆತು ಅಂತಿಟ್ಕೋ. ನೀ ಹೊರಗದಿ. ಮೊದಲ ಫೋನ್ ಯಾರಿಗೆ ಮಾಡ್ತಿ?"

"ಇನ್ಯಾರಿಗ್ರಿ? ನಿಮಗ."

ಕಾಕಾನ ಕೈ ಪಕ್ಕದ ಸ್ಟೂಲಿನ ಮೇಲಿದ್ದ ಫೋನನ್ನು ಒಮ್ಮೆ ಮುಟ್ಟಿ ಬಂತು. ಕಣ್ಣು ಇದ್ದವರಿಗೆ ಹೆಂಡತಿ ಹೊರಗೆ ಹೋದರೆ ಮರಳಿ ಬರುವವರೆಗೆ ನೋಡಲು ಲೋಕವಿಡೀ ಇರುತ್ತದೆ. ಅವರಿಗಿದ್ದದ್ದು ಆ ಫೋನು.

ಮಳೆಗಾಲದಲ್ಲಿ ಒಮ್ಮೆ ನಾಲ್ಕೈದು ದಿನ ಬಿಡದೆ ಸುರಿಯಿತು. ಕಾಕುವಿನ ತಂಗಿ ಊರಿಗೆ ಹೊರಟಿದ್ದಳು. ಅವಳನ್ನು ರೈಲು ಹತ್ತಿಸಲು ಕಾಕು ಕಾಚಿಗೂಡ ಸ್ಟೇಷನ್ನಿಗೆ ಹೋಗಿದ್ದರು. ಕಾಕಾ ಜೊತೆ ನಾನಿದ್ದೆ. ಮಧ್ಯಾಹ್ನದ ಚಹಾ ಆಗಿತ್ತಷ್ಟೆ, ಕೆಳಗಿನಿಂದ ವಾಚ್‌ಮನ್ ತೆಲುಗಿನಲ್ಲಿ ಕೂಗುವುದು ಕೇಳಿಸಿತು. "ಚೆರುವು ತೆಗಿಂದಂಟ! ಅಂದರೂ ಕಿಂದಿಕಿ ರಂಡಿ!" ಕೆರೆ ಒಡೆಯಿತಂತೆ, ಎಲ್ಲರೂ ಕೆಳಗೆ ಬನ್ನಿ.

ಎಲ್ಲರೂ ಕೆಳಗೆ ಓಡಿದರು. ನಾನು ಬಾಲ್ಕನಿಯಿಂದ ನೋಡಿದೆ. ಒಬ್ಬರ ಕಂಕುಳಲ್ಲಿ ಮಗುವಿನ ಜೊತೆ ಕುಕ್ಕರ್ ಇತ್ತು. ಒಬ್ಬರು ಸರ್ಟಿಫಿಕೇಟುಗಳ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಲೆಯ ಮೇಲೆ ಹಿಡಿದಿದ್ದರು. ಮೂರನೆಯ ಮಹಡಿಯವರು ಲಿಫ್ಟಿನಲ್ಲಿ ಟಿವಿಯನ್ನೇ ಇಳಿಸಿ ತಂದಿದ್ದರು. ನೀರು ಬರುತ್ತದೆ ಎಂದು ಮೇಲಿರುವವರೆಲ್ಲ ಕೆಳಗೆ ಹೋಗಿ ರಸ್ತೆಯ ಮೇಲೆ ನಿಲ್ಲುವುದು ಯಾವ ತರ್ಕ? ಕೆರೆ ನಿಜವಾಗಿ ಒಡೆದಿದ್ದರೆ ನಾವಿರುವ ಜಾಗವೇ ಎಲ್ಲಕ್ಕಿಂತ ಸುರಕ್ಷಿತ. ಒಡೆಯದಿದ್ದರೆ ಓಡುವುದೇ ಬೇಕಿಲ್ಲ. ಎರಡೂ ಕಡೆಯಿಂದ ಉತ್ತರ ಒಂದೇ. ನಾನು ಇದನ್ನು ಕಾಕಾಗೆ ಹೇಳಿದೆ. ಅವರು ಎದ್ದು ನಿಂತು, ಗೋಡೆ ಹಿಡಿದು, ಬಾಗಿಲಿನವರೆಗೆ ಬಂದಿದ್ದರು.

"ನೀ ಹೇಳೂದು ಬರೋಬ್ಬರಿ ಐತಿ," ಅಂದರು. "ಆದ್ರೂ ಆಕಿ ಫೋನ್ ಬರಲಿ. ಆಕಿ ಹೆಂಗ ಹೇಳ್ತಾಳೋ ಹಂಗ ಮಾಡೂಣು."

ತಿರುಗಿ ಬಂದು ಫೋನಿನ ಪಕ್ಕ ಕೂತರು. ಫೋನ್ ರಿಂಗಾಗಲಿಲ್ಲ. ನಾನು ಎತ್ತಿ ನೋಡಿದೆ. ಡಯಲ್ ಟೋನ್ ಸರಿಯಾಗಿತ್ತು. ಅದನ್ನು ಅವರಿಗೆ ಹೇಳಬಾರದಿತ್ತೇನೋ ಎಂದು ಅವರ ಮುಖ ನೋಡಿದಾಗ ಅನಿಸಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಧಡಧಡ ಸಪ್ಪಳವಾಯಿತು. ಏದುಸಿರು ಬಿಡುತ್ತ ವಾಚ್‌ಮನ್ ನಿಂತಿದ್ದ. ಮೇಡಮ್ ಸ್ಟೇಷನ್ನಿನ ಪಿಸಿಓದಿಂದ ಅವನ ಮೊಬೈಲಿಗೆ ಫೋನ್ ಮಾಡಿದ್ದರಂತೆ. ಮೊದಲು ಲಿಫ್ಟ್ ಬಂದ್ ಮಾಡು, ಕರೆಂಟ್ ಹೋದರೆ ಮಂದಿ ಅದರೊಳಗೆ ಸಿಕ್ಕಿಕೊಳ್ಳುತ್ತಾರೆ. ಕೆಳಗೆ ಇಳಿದವರನ್ನೆಲ್ಲ ಮೇಲೆ ಕಳಿಸು. ನಾಲ್ಕನೆಯ ಮಹಡಿಗೆ ಹೋಗಿ ಸಾರ್ ಕೂತಲ್ಲೇ ಇರಲಿ ಎಂದು ಹೇಳು. ಇದನ್ನೆಲ್ಲ ಅವನು ತೆಲುಗಿನಲ್ಲಿ ಪಾಠದಂತೆ ಒಪ್ಪಿಸಿದ.

"ನಿನಗ ಮಾಡಿದ್ಲೇನು?" ಕಾಕಾ ಕನ್ನಡದಲ್ಲೇ ಕೇಳಿದರು. ಅವನಿಗೆ ಅರ್ಥವಾಗಲಿಲ್ಲ.

ಕೆರೆ ಒಡೆದಿರಲಿಲ್ಲ. ಕಾಕು ಸಂಜೆ, ಅರ್ಧ ಬಸ್ಸಿನಲ್ಲಿ ಅರ್ಧ ನಡೆದು, ಮೊಣಕಾಲವರೆಗೆ ಕೆಸರಾಗಿ ಬಂದರು. ಕಾಕಾ ಅವರಿಗೆ ಟವೆಲ್ ಕೊಟ್ಟರು, ಆಮೇಲೆ ಕೇಳಿದರು.

"ವಾಚ್‌ಮನ್‌ಗ ಮಾಡಿದಿ."

"ಹೂಂನ್ರಿ. ಕೆರಿ ಒಡೀತಂತ ಸ್ಟೇಷನ್ನಿನಾಗೂ ಗುಲ್ಲು. ಊರಂತ ಊರ ಫೋನ್ ಮಾಡಾಕತ್ತಿತ್ತು. ಒಂದ ಕಾಲ್ ಹತ್ತಿದ್ರ ಹತ್ತೀತು ಅಂತ ಗೊತ್ತಿತ್ತು. ಆಮ್ಯಾಲ ನಿಮಗ ಹಚ್ಚಿ ಹಚ್ಚಿ ಸಾಕಾತು, ಹತ್ತಲಿಲ್ಲ."

"ಆ ಒಂದು ನನಗ ಮಾಡಬೇಕಿತ್ತು."

"ನಿಮಗ ಮಾಡಿದ್ರ ನೀವು 'ಆರಾಮ ಅದೀನಿ' ಅಂತಿದ್ರಿ. ಅದು ಸುದ್ದಿ ಆತು. ಅವಗ ಮಾಡಿದ್ರ ಕೆಲಸ ಆತು. ಲಿಫ್ಟ್ ನಿಲ್ಲಸಾಕ ನಿಮ್ಮ ಕೈಲೆ ಆಗತಿತ್ತೇನು?"

"ಇಲ್ಲ. ನನ್ನ ಕೈಲೆ ಏನೂ ಆಗೂದಿಲ್ಲ," ಕಾಕಾ ಅಂದರು. "ನನಗ ಆ ಸುದ್ದೀನ ಬೇಕಿತ್ತು."

ತರ್ಕದಲ್ಲಿ ಕಾಕು ಗೆದ್ದಿದ್ದರು. ನಾನು ತೀರ್ಪುಗಾರಳಾಗಿದ್ದರೆ ಅವರಿಗೇ ಅಂಕ ಕೊಡುತ್ತಿದ್ದೆ. ಆದರೆ ಆ ಕೋಣೆಯಲ್ಲಿ ಯಾರೂ ಗೆದ್ದವರಂತೆ ಕಾಣಲಿಲ್ಲ.

ಮುಂದಿನ ಭಾನುವಾರ ಕಾಕಾ ಕಥೆ ಹೇಳಲು ನನಗೆ ಹೇಳಿದರು. ಕಾಕು ಅಡುಗೆಮನೆಯಲ್ಲಿ ಇದ್ದರು, ಬೇಕೆಂದೇ ಪಾತ್ರೆ ಸಪ್ಪಳ ಮಾಡುತ್ತ. ನಾನು ಶುರು ಮಾಡಿದೆ: ಜ್ವಾಲಾಮುಖಿ ಬಾಯಿ ತೆರೆದಿದೆ, ಆದರೆ ವಿಜ್ಞಾನಿಯ ಮಾತು ಮೇಯರ್ ಕೇಳದಿರುವುದಕ್ಕೆ ಕಾರಣ ದುರ್ಬಲ, ಯಾಕೆಂದರೆ ಮೊದಲ ದೃಶ್ಯದಲ್ಲೇ ಅವನು...

"ಯವ್ವಾ," ಕಾಕಾ ತಡೆದರು. "ನೀ ಕಥಿ ಹೇಳಾಕತ್ತಿಲ್ಲ, ಕೇಸ್ ನಡಸಾಕತ್ತಿ. ಮೇಯರ್ ಎಡಕ್ಕದಾನೋ ಬಲಕ್ಕದಾನೋ?"

ಎರಡು ಭಾನುವಾರ ಹೀಗೆ ನನ್ನನ್ನು ಸಹಿಸಿಕೊಂಡರು. ಮೂರನೆಯ ವಾರ ಪರದೆಯ ಮೇಲೆ ಅಣೆಕಟ್ಟು ಬಿರುಕು ಬಿಡುತ್ತಿದ್ದಾಗ ಅಡುಗೆಮನೆಯ ಬಾಗಿಲಿಂದ ಸಮಾಧಾನದ ದನಿಯೊಂದು ಬಂತು. "ಎಡಕ್ಕ ಗುಡ್ಡ. ಬಲಕ್ಕ ಕಂಟ್ರೋಲ್ ರೂಮು. ನಡುವ ಒಬ್ಬಾವ ಫೋನ್ ಎತ್ತ್ಯಾನ." ಕಾಕಾ ಕತ್ತು ತಿರುಗಿಸದೆ ಕೇಳಿದರು: "ಯಾರಿಗೆ ಮಾಡಾಕತ್ತಾನ? ವಾಚ್‌ಮನ್‌ಗೇನು?" ಕಾಕು ಬಂದು ಪಕ್ಕದಲ್ಲಿ ಕೂತರು. ಕ್ಷಮೆ ಕೇಳಲಿಲ್ಲ. ಅವರು ಕೇಳುವವರೂ ಅಲ್ಲ. ಅಂದಿನಿಂದ ಯಾವ ದೇಶದ ಸಿನಿಮಾ ಇರಲಿ, ಫೋನ್ ಎತ್ತಿದ ಕೂಡಲೇ ಕಾಕಾ ಇದನ್ನು ಕೇಳಿಯೇ ಕೇಳುವರು, ಕಾಕು "ಸಾಕ್ಬಿಡ್ರಿ" ಅಂದೇ ಅನ್ನುವರು. ನೋವು ಹೋಗಿತ್ತು ಎಂದು ನಾನು ಹೇಳಲಾರೆ. ಅದಕ್ಕೊಂದು ಕುರ್ಚಿ ಹಾಕಿ ಮನೆಯೊಳಗೆ ಕೂರಿಸಿಕೊಂಡಿದ್ದರು.

ಒಮ್ಮೆ ನಾನು, "ನಿಮ್ಮ ಲೆಕ್ಕದಾಗ ನೀವು ಯಾವ ದೇಶದವರಾದ್ರಿ ಕಾಕು? ಆಫೀಸಿಂದ ಆಫೀಸಿಗೆ ಮಾಡಿದ್ರಿ. ಜಪಾನಿನವರೇನು?" ಅಂದೆ. ಕಾಕು "ನಾ ಎಕ್ಸ್‌ಚೇಂಜಿನಾಕಿ," ಅಂದರು.

ಅವರು ಹೋದದ್ದು ನಿದ್ದೆಯಲ್ಲೇ. ಬೆಳಕು ಹರಿಯುವ ಹೊತ್ತಿಗೆ ಎದ್ದ ಕಾಕಾ ಪಕ್ಕಕ್ಕೆ ಕೈ ಹಾಕಿದರು, ಕಾಕುವಿನ ಕೈ ತಣ್ಣಗಿತ್ತು. ಮೂಗಿನ ಹತ್ತಿರ ಬೆರಳು ಹಿಡಿದು, ಆಮೇಲೆ ಫೋನ್ ಎತ್ತಿದರು. ಮೊದಲ ಫೋನ್ ಕಣ್ಣಿನ ಆಸ್ಪತ್ರೆಗೆ. ತಡವಾದರೆ ಕಣ್ಣು ಯಾರ ಉಪಯೋಗಕ್ಕೂ ಬಾರದೆ ಹೋಗುತ್ತವೆ. ಎರಡನೆಯದು ವಾಚ್‌ಮನ್‌ಗೆ: ಆಸ್ಪತ್ರೆಯವರು ಬರುತ್ತಾರೆ, ಗೇಟ್ ತೆಗೆದಿಡು, ಲಿಫ್ಟ್ ಚಾಲೂ ಇಡು. ಮೂರನೆಯದು ಮಗಳಿಗೆ. ಅವಳು ಸೊಲ್ಲಾಪುರದಿಂದ ಎಷ್ಟು ಬೇಗ ಹೊರಟರೂ ಬರುವುದು ಮಧ್ಯಾಹ್ನದ ಮೇಲೆ. ಸುದ್ದಿ ಕೆಲವು ನಿಮಿಷ ಕಾಯಬಲ್ಲದು, ಕೆಲಸ ಕಾಯಲಾರದು. ಆ ಸಂಬಂಧಿಗೆ ಕೊಡಬೇಕಿದ್ದ ಉತ್ತರ ಇಷ್ಟೆ. ಸುದ್ದಿಗಾಗಿ ಕಾದು, ಅದು ಬಾರದೆ ನೊಂದ ಮನುಷ್ಯ ತಾನೇ ಈ ಕ್ರಮದಲ್ಲಿ ಫೋನ್ ಮಾಡಿದ. ಸಿನಿಮಾದಿಂದ ದೇಶ ತಿಳಿಯುತ್ತದೆ ಎಂಬುದನ್ನು ನಾನು ಈಗಲೂ ಒಪ್ಪಿಲ್ಲ. ಆದರೆ ಫೋನಿನ ಕ್ರಮದಿಂದ ಒಂದು ಮನೆ ತಿಳಿಯುತ್ತದೆ ಎಂಬುದಕ್ಕೆ ನನ್ನ ಹತ್ತಿರ ಖಂಡನೆ ಇಲ್ಲ.

ನಾಲ್ಕನೆಯ ಫೋನ್ ಎದುರು ಮನೆಗೆ, ನನಗೆ. ಆಸ್ಪತ್ರೆಯವರು ದಾರಿ ಕೇಳಲು ತಿರುಗಿ ಮಾಡಿಯಾರೆಂದು ಫೋನಿನ ಹತ್ತಿರದಿಂದ ಅವರು ಎದ್ದಿರಲಿಲ್ಲ. ನಾನು ಹೋದ ಸ್ವಲ್ಪ ಹೊತ್ತಿಗೆ ಇಬ್ಬರು ಬಂದರು, ಬಾಗಿಲು ಮುಚ್ಚಿಕೊಂಡು ತಮ್ಮ ಕೆಲಸ ಮುಗಿಸಿದರು, ಕಾಕಾನ ಕೈ ಹಿಡಿದು ತೆಲುಗಿನಲ್ಲಿ ಎರಡು ಮಾತಾಡಿ ಹೊರಟರು. ರೆಪ್ಪೆಗಳನ್ನು ಮೊದಲಿನಂತೆಯೇ ಮುಚ್ಚಿ ಇಟ್ಟಿದ್ದರು. ಲಿಫ್ಟ್ ಕೆಳಗೆ ಇಳಿದ ಸಪ್ಪಳ ಕೇಳಿತು. ಕಾಕಾ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು.

"ನನಗ ಯಾಕ ಫೋನ್ ಮಾಡಿದ್ರಿ ಕಾಕಾ?" ನಾನು ಕೇಳಿದೆ. "ನಾ ಯಾವ ಕೆಲಸಕ್ಕ ಬರ್ತೀನಿ?"

"ನಿನಗೂ ಕೆಲಸ ಐತಿ. ಮಂದಿ ಬರೂದ್ರಾಗ ಮಾಡಿ ಮುಗಸು. ಆಕಿ ಹೆಂಗ ಕಾಣಸಾಕತ್ತಾಳ, ಹೇಳು. ನಡುವ ವಾದ ಮಾಡಬ್ಯಾಡ."

ನಾನು ಎಡದಿಂದ ಶುರು ಮಾಡಿದೆ.

"ಎಡಕ್ಕ ಕಿಡಕಿ ಐತಿ ಕಾಕಾ. ಅರ್ಧ ತಗದೈತಿ, ಬಿಸಲು ಇನ್ನೂ ಒಳಗ ಬಂದಿಲ್ಲ. ಬಲಕ್ಕ ಸ್ಟೂಲು, ಅದ್ರ ಮ್ಯಾಲ ಫೋನು, ನೀರಿನ ತಂಬಗಿ. ನಡುವ ಕಾಕು ಮಲಗ್ಯಾರ. ಹಸರು ಸೀರಿ."

"ನೆರಗಿ?"

"ಮುರದಿಲ್ಲ. ಕೈ ಎರಡೂ ಹೊಟ್ಟಿ ಮ್ಯಾಲ ಅದಾವ. ಬಲಗೈ ಮ್ಯಾಲ, ಎಡಗೈ ಕೆಳಗ. ಬಳಿ ಸರದು ಮೊಳಕೈ ಕಡೆ ಹೋಗ್ಯಾವ."

ಕಾಕಾ ತಲೆ ವಾಲಿಸಿ ಕೇಳುತ್ತಿದ್ದರು.

"ಮಾರಿ?"

ನಾನು ನೋಡಿದೆ. ಅವಸರ ಮಾಡಲಿಲ್ಲ.

"ಲೈನಿನಾಗ ಇರ್ರಿ ಅಂದು ಒಳಗ ಹೋದಂಗ ಐತಿ," ಅಂದೆ.

ಕಾಕಾ ಕೈ ಚಾಚಿ ಬಳೆಗಳನ್ನು ಹುಡುಕಿ, ಒಂದೊಂದಾಗಿ ಮಣಿಕಟ್ಟಿಗೆ ಸರಿಸಿದರು.

"ಇರ್ತೀನಿ" ಅಂದರು.